ತುರ್ತು ಚಾಲನೆಯಲ್ಲಿ ಎಬಿಎಸ್ ಮತ್ತು ಸ್ಥಿರತಾ ನಿಯಂತ್ರಣ: ವಾಹನ ಚಾಲಕರಿಗೆ ತಿಳಿವಳಿಕೆ ಲೇಖನ

ಜಿಲ್ಲಾ, ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿಗಳ ಕೆಲಸಕ್ಕಾಗಿ ಪ್ರತಿದಿನ ಹಲವು ಬಗೆಯ ವಾಹನಗಳು ರಸ್ತೆಗಿಳಿಯುತ್ತವೆ. ಅಧಿಕಾರಿಗಳ ಜೀಪು ಮತ್ತು ಕಾರು, ಆಂಬುಲೆನ್ಸ್, ಕುಡಿಯುವ ನೀರಿನ ಟ್ಯಾಂಕರ್, ಮನೆ ಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ, ಸಿಬ್ಬಂದಿಯ ಬೈಕು ಇವೆಲ್ಲ ಇದರಲ್ಲಿ ಸೇರಿವೆ. ಈಚಿನ ವರ್ಷಗಳಲ್ಲಿ ಖರೀದಿಯಾದ ಕಾರು, ಜೀಪುಗಳಲ್ಲಿ ಎಬಿಎಸ್ ಎಂಬ ಬ್ರೇಕು ವ್ಯವಸ್ಥೆ ಇರುತ್ತದೆ. ಕೆಲವು ವಾಹನಗಳಲ್ಲಿ ಇಎಸ್‌ಸಿ ಅಥವಾ ಇಎಸ್‌ಪಿ ಎಂದು ಕರೆಯಲಾಗುವ ಸ್ಥಿರತಾ ನಿಯಂತ್ರಣವೂ ಇರುತ್ತದೆ. ಆದರೆ ಇವು ಕೆಲಸ ಮಾಡುವಾಗ ಕಾಲಿಗೂ ಕೈಗೂ ಹೇಗೆ ಅನುಭವಕ್ಕೆ ಬರುತ್ತವೆ ಎಂಬುದನ್ನು ವಾಹನ ಹಸ್ತಾಂತರಿಸುವಾಗ ಯಾರೂ ಹೇಳಿಕೊಡುವುದಿಲ್ಲ. ಹೀಗಾಗಿ ಅನೇಕ ಚಾಲಕರಿಗೆ ಮೊದಲ ಪರಿಚಯ ಆಗುವುದು ಅಪಘಾತದ ಅಂಚಿನಲ್ಲಿಯೇ. ಆ ಒಂದು ಕ್ಷಣದಲ್ಲಿ ಬೆದರಿ ಕಾಲು ತೆಗೆದರೆ ಜೀವ ಉಳಿಸಬೇಕಾದ ಉಪಕರಣವೇ ನಿಷ್ಪ್ರಯೋಜಕವಾಗುತ್ತದೆ. ಈ ಲೇಖನದ ಉದ್ದೇಶ ಆ ಅನುಭವವನ್ನು ಮುಂಚಿತವಾಗಿ ಪರಿಚಯಿಸುವುದು.

ಹಳೆಯ ಪಾಠ, ಹೊಸ ವಾಹನ

ಹಳೆಯ ಜೀಪು, ಲಾರಿಗಳಲ್ಲಿ ಚಾಲನೆ ಕಲಿತವರಿಗೆ ಗುರುಗಳು ಹೇಳಿಕೊಟ್ಟ ಪಾಠ ಒಂದೇ: ಬ್ರೇಕನ್ನು ಒಮ್ಮೆಲೇ ತುಳಿಯಬಾರದು, ಬಿಟ್ಟು ಬಿಟ್ಟು ಒತ್ತಬೇಕು. ಆ ಪಾಠ ತಪ್ಪಲ್ಲ. ಬ್ರೇಕು ಬಿಗಿಯಾಗಿ ಹಿಡಿದಾಗ ಚಕ್ರ ಉರುಳುವುದನ್ನು ಸಂಪೂರ್ಣ ನಿಲ್ಲಿಸಿ ಜಾರತೊಡಗುತ್ತದೆ. ಜಾರುವ ಚಕ್ರಕ್ಕೆ ದಿಕ್ಕಿಲ್ಲ. ಸ್ಟಿಯರಿಂಗನ್ನು ಎಷ್ಟೇ ತಿರುಗಿಸಿದರೂ ವಾಹನ ಮೊದಲು ಹೋಗುತ್ತಿದ್ದ ದಾರಿಯಲ್ಲೇ ಹೋಗುತ್ತದೆ. ಹಿಂದಿನ ಚಕ್ರ ಮೊದಲು ಜಾಮಾದರೆ ವಾಹನದ ಹಿಂಭಾಗ ಪಕ್ಕಕ್ಕೆ ಎಳೆದುಕೊಂಡು ಹೋಗಿ ವಾಹನ ಅಡ್ಡಲಾಗುತ್ತದೆ. ಬಿಟ್ಟು ಬಿಟ್ಟು ಒತ್ತುವುದರಿಂದ ಚಕ್ರ ಮತ್ತೆ ಮತ್ತೆ ಉರುಳಲು ಅವಕಾಶ ಸಿಗುತ್ತಿತ್ತು.

ಎಬಿಎಸ್ ಮಾಡುವುದೂ ಇದೇ ಕೆಲಸವನ್ನು. ಆದರೆ ಮನುಷ್ಯನ ಕಾಲಿಗೆ ಎಂದೂ ಸಾಧ್ಯವಾಗದ ವೇಗದಲ್ಲಿ. ಪ್ರತಿಯೊಂದು ಚಕ್ರದ ಬಳಿ ಅದರ ವೇಗವನ್ನು ಅಳೆಯುವ ಸೆನ್ಸರ್ ಇರುತ್ತದೆ. ಒಂದು ಚಕ್ರ ಉಳಿದವುಗಳಿಗಿಂತ ಹಠಾತ್ತನೆ ನಿಧಾನವಾದರೆ ಅದು ಜಾಮಾಗಲಿದೆ ಎಂದು ನಿಯಂತ್ರಣ ಪೆಟ್ಟಿಗೆ ಗ್ರಹಿಸುತ್ತದೆ. ಆ ಚಕ್ರಕ್ಕೆ ಹೋಗುವ ಬ್ರೇಕು ಎಣ್ಣೆಯ ಒತ್ತಡವನ್ನು ಕವಾಟವೊಂದು ಕ್ಷಣಮಾತ್ರ ತಗ್ಗಿಸುತ್ತದೆ, ಚಕ್ರ ಉರುಳಿದೊಡನೆ ಒತ್ತಡ ಮತ್ತೆ ಏರುತ್ತದೆ. ಒಂದು ಸೆಕೆಂಡಿನಲ್ಲಿ ಹತ್ತು ಬಾರಿಯ ಆಸುಪಾಸಿನಲ್ಲಿ, ಕೆಲವು ವಾಹನಗಳಲ್ಲಿ ಅದಕ್ಕೂ ಹೆಚ್ಚು ಬಾರಿ, ಇದು ನಡೆಯುತ್ತದೆ. ಬಾಷ್ ಸಂಸ್ಥೆ ಅಭಿವೃದ್ಧಿಪಡಿಸಿದ ಈ ವಿದ್ಯುನ್ಮಾನ ವ್ಯವಸ್ಥೆ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮಾರುಕಟ್ಟೆಗೆ ಬಂದಿತು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ 125 ಸಿಸಿ ಮೀರಿದ ಹೊಸ ದ್ವಿಚಕ್ರ ವಾಹನಗಳಿಗೂ ಎಬಿಎಸ್ ಕಡ್ಡಾಯವಾಗಿದೆ.

ಎಬಿಎಸ್ ಇರುವ ವಾಹನದಲ್ಲಿ ಚಾಲಕ ಹಳೆಯ ಅಭ್ಯಾಸದಂತೆ ಬಿಟ್ಟು ಬಿಟ್ಟು ಒತ್ತಿದರೆ, ಕಾಲು ಮೇಲೆದ್ದ ಪ್ರತಿ ಸಲವೂ ಬ್ರೇಕು ಇಲ್ಲದಂತಾಗಿ ನಿಲ್ಲುವ ದೂರ ಹೆಚ್ಚುತ್ತದೆ. ಒಳ್ಳೆಯ ಚಾಲಕನ ಒಳ್ಳೆಯ ಅಭ್ಯಾಸವೇ ಇಲ್ಲಿ ಅಪಾಯಕ್ಕೆ ಕಾರಣವಾಗುವುದನ್ನು ಗಮನಿಸಬೇಕು.

ಪೆಡಲ್ ನಡುಗಿದಾಗ

ಎಬಿಎಸ್ ಕೆಲಸ ಆರಂಭಿಸಿದ ಕೂಡಲೇ ಬ್ರೇಕು ಪೆಡಲ್ ಪಾದದಡಿಯಲ್ಲಿ ಅದುರತೊಡಗುತ್ತದೆ. ಕೆಲವು ವಾಹನಗಳಲ್ಲಿ ಅದು ಸಣ್ಣ ನಡುಕ. ಕೆಲವುಗಳಲ್ಲಿ ಯಾರೋ ಕೆಳಗಿನಿಂದ ಕಾಲನ್ನು ಮೇಲಕ್ಕೆ ತಳ್ಳುತ್ತಿರುವಂತೆ ತೋರುತ್ತದೆ. ಬಾನೆಟ್ ಒಳಗಿನಿಂದ ‘ಗರ್ರ್’ ಎಂಬ, ಹಲ್ಲಿನ ಚಕ್ರಗಳು ತಿಕ್ಕಾಡಿದಂತಹ ಸದ್ದು ಕೇಳಿಸುತ್ತದೆ. ಸ್ಟಿಯರಿಂಗಿನಲ್ಲಿಯೂ ಸ್ವಲ್ಪ ಕಂಪನ ಬರಬಹುದು. ಇದನ್ನು ಮೊದಲ ಬಾರಿ ಅನುಭವಿಸಿದವರಿಗೆ ಬ್ರೇಕು ಕೆಟ್ಟಿತು, ಏನೋ ಮುರಿಯಿತು ಎಂದೇ ಅನ್ನಿಸುತ್ತದೆ. ಕಾಲು ತಾನಾಗಿ ಸಡಿಲಗೊಳ್ಳುತ್ತದೆ. ಆದರೆ ವಾಸ್ತವವೇನೆಂದರೆ ಆ ನಡುಕವೇ ಬ್ರೇಕು ತನ್ನ ಪೂರ್ಣ ಶಕ್ತಿಯಿಂದ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಆದುದರಿಂದ ಪಾಲಿಸಬೇಕಾದ ಕ್ರಮ ಸರಳ: ಪೆಡಲನ್ನು ಬಲವಾಗಿ ತುಳಿಯುವುದು, ನಡುಗಿದರೂ ತುಳಿದೇ ಇರುವುದು, ಗೇರಿನ ವಾಹನವಾದರೆ ಕ್ಲಚ್ಚನ್ನೂ ಒತ್ತುವುದು, ಕಣ್ಣನ್ನು ಅಡ್ಡಿಯ ಮೇಲಲ್ಲದೆ ತಪ್ಪಿಸಿಕೊಳ್ಳಬಹುದಾದ ತೆರವಿನ ಕಡೆ ಇಟ್ಟು ಸ್ಟಿಯರಿಂಗನ್ನು ಅತ್ತ ತಿರುಗಿಸುವುದು. ಎಬಿಎಸ್‌ನ ನಿಜವಾದ ಕೊಡುಗೆ ಇರುವುದು ಈ ಕೊನೆಯ ಅಂಶದಲ್ಲಿ. ಚಕ್ರ ಉರುಳುತ್ತಿರುವುದರಿಂದ ಪೂರ್ತಿ ಬ್ರೇಕು ಹಾಕಿರುವಾಗಲೂ ವಾಹನ ಸ್ಟಿಯರಿಂಗಿನ ಮಾತು ಕೇಳುತ್ತದೆ. ಶಾಲೆಯ ಗೇಟಿನಿಂದ ಓಡಿಬಂದ ಮಗುವನ್ನು ನಿಲ್ಲಿಸಿ ಉಳಿಸಲಾಗದಿದ್ದರೂ ಪಕ್ಕಕ್ಕೆ ಸರಿದು ಉಳಿಸುವ ಅವಕಾಶ ಇದರಿಂದ ದೊರೆಯುತ್ತದೆ. ಆದರೆ ತಿರುಗಿಸುವುದು ಅಳತೆಯಲ್ಲಿರಬೇಕು. ಜಾರುವ ಚಕ್ರದ ಅಭ್ಯಾಸದಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದವರ ವಾಹನ ಎದುರಿನ ಸಾಲಿಗೋ ಚರಂಡಿಗೋ ನುಗ್ಗುವ ಸಂಭವವಿದೆ.

ಅನೇಕರು ಅಪಾಯದಲ್ಲಿಯೂ ಬ್ರೇಕನ್ನು ಸಾಕಷ್ಟು ಬಲವಾಗಿ ತುಳಿಯುವುದಿಲ್ಲ ಎಂಬುದು ವಾಹನ ತಯಾರಕರೇ ಪರೀಕ್ಷೆಗಳಲ್ಲಿ ಕಂಡುಕೊಂಡ ಸಂಗತಿ. ಇದೇ ಕಾರಣದಿಂದ, ಪೆಡಲ್ ತುಳಿದ ವೇಗವನ್ನು ಗ್ರಹಿಸಿ ತಾನಾಗಿ ಒತ್ತಡ ಹೆಚ್ಚಿಸುವ ಬ್ರೇಕ್ ಅಸಿಸ್ಟ್ ಎಂಬ ವ್ಯವಸ್ಥೆ 1996ರಲ್ಲಿ ಬಳಕೆಗೆ ಬಂದಿತು.

ಸ್ಥಿರತಾ ನಿಯಂತ್ರಣದ ಸ್ಪರ್ಶ

ಎಬಿಎಸ್ ಚಾಲಕ ಬ್ರೇಕು ತುಳಿದಾಗ ಮಾತ್ರ ಎಚ್ಚರಗೊಳ್ಳುತ್ತದೆ. ಸ್ಥಿರತಾ ನಿಯಂತ್ರಣವಾದರೋ ಸದಾ ಎಚ್ಚರವಾಗಿರುತ್ತದೆ. ಸ್ಟಿಯರಿಂಗ್ ಯಾವ ಕಡೆ ಎಷ್ಟು ತಿರುಗಿದೆ ಎಂಬುದನ್ನೂ ವಾಹನ ನಿಜವಾಗಿ ಎಷ್ಟು ತಿರುಗುತ್ತಿದೆ ಎಂಬುದನ್ನೂ ಅದು ಹೋಲಿಸಿ ನೋಡುತ್ತಿರುತ್ತದೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಯಾವುದಾದರೊಂದು ಚಕ್ರಕ್ಕೆ ಮಾತ್ರ ತಾನೇ ಬ್ರೇಕು ಹಾಕಿ ವಾಹನವನ್ನು ಸರಿದಾರಿಗೆ ಎಳೆಯುತ್ತದೆ. ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಜಾರತೊಡಗಿದರೆ ಹೊರಬದಿಯ ಮುಂದಿನ ಚಕ್ರಕ್ಕೆ, ವಾಹನ ತಿರುಗದೆ ನೇರವಾಗಿ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಬ್ರೇಕು ಬೀಳುತ್ತದೆ. ಜೊತೆಗೆ ಎಂಜಿನಿನ ಶಕ್ತಿಯನ್ನೂ ತಗ್ಗಿಸುತ್ತದೆ.

ಚಾಲಕನಿಗೆ ಇದು ಹೀಗೆ ಅನುಭವಕ್ಕೆ ಬರುತ್ತದೆ: ತಿರುವಿನಲ್ಲಿ ವಾಹನದ ಮೂತಿಯನ್ನು ಯಾರೋ ಹಗ್ಗ ಕಟ್ಟಿ ಜಗ್ಗಿದಂತಾಗುತ್ತದೆ, ಆಕ್ಸಿಲರೇಟರ್ ಒತ್ತಿದರೂ ಎಂಜಿನ್ ಏರುವುದಿಲ್ಲ, ಬ್ರೇಕಿನ ಕಡೆಯಿಂದ ಗುರುಗುಟ್ಟುವ ಸದ್ದು ಬರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿನುಗುತ್ತದೆ. ಆಗ ಗಾಬರಿಯಿಂದ ಸ್ಟಿಯರಿಂಗನ್ನು ಅತ್ತಿತ್ತ ಹೊರಳಿಸಬಾರದು. ಹೋಗಬೇಕಾದ ದಿಕ್ಕಿನತ್ತ ನಯವಾಗಿ ಹಿಡಿದಿದ್ದರೆ ಸಾಕು. ಚಾಲಕನ ಇಂಗಿತವನ್ನು ಈ ವ್ಯವಸ್ಥೆ ತಿಳಿಯುವುದು ಸ್ಟಿಯರಿಂಗಿನಿಂದಲೇ.

1995ರಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯ ಮಹತ್ವ ಜಗತ್ತಿಗೆ ಮನವರಿಕೆಯಾದದ್ದು 1997ರಲ್ಲಿ. ಸ್ವೀಡನ್ನಿನಲ್ಲಿ ರಸ್ತೆಗೆ ಅಡ್ಡಬರುವ ಕಾಡುಪ್ರಾಣಿಯನ್ನು ತಪ್ಪಿಸುವ ರೀತಿಯ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಚಿಕ್ಕ ಕಾರೊಂದು ಮಗುಚಿತು. ಬಳಿಕ ಆ ಮಾದರಿಯ ಎಲ್ಲ ಕಾರುಗಳಿಗೂ ಸ್ಥಿರತಾ ನಿಯಂತ್ರಣವನ್ನು ಅಳವಡಿಸಲಾಯಿತು. ದನ, ನಾಯಿ, ಕಾಡುಹಂದಿ ಹಠಾತ್ತನೆ ಅಡ್ಡಬರುವ ಗ್ರಾಮೀಣ ರಸ್ತೆಗಳ ಚಾಲಕರಿಗೆ ಈ ಪರೀಕ್ಷೆಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಯಂತ್ರಕ್ಕೂ ಮೀರದ ಲೆಕ್ಕ

ಈ ಎರಡೂ ವ್ಯವಸ್ಥೆಗಳು ಟೈರು ಮತ್ತು ರಸ್ತೆಯ ನಡುವೆ ಇರುವ ಹಿಡಿತವನ್ನು ಪೂರ್ಣವಾಗಿ ಬಳಸಿಕೊಳ್ಳುತ್ತವೆಯೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸುವುದಿಲ್ಲ. ಗಂಟೆಗೆ 54 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 15 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ, ಬ್ರೇಕು ತುಳಿಯುವ ಮೊದಲೇ 15 ಮೀಟರ್ ಕಳೆದಿರುತ್ತದೆ. ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ ಸುಮಾರು 16 ಮೀಟರ್ ಬೇಕು. ಒಟ್ಟು 31 ಮೀಟರ್. ಗಂಟೆಗೆ 72 ಕಿ.ಮೀ. ವೇಗದಲ್ಲಿ ಇದೇ ದೂರ ಸುಮಾರು 49 ಮೀಟರ್ ಆಗುತ್ತದೆ. ಮಳೆಯಲ್ಲಿ ನೆನೆದು ಹಿಡಿತ ಬಹಳಷ್ಟು ಕುಗ್ಗಿದ ರಸ್ತೆಯಾದರೆ ಸುಮಾರು 70 ಮೀಟರ್. ಟೈರು ಸವೆದಿದ್ದರೆ ಅಥವಾ ಮೊಬೈಲಿನ ಕಡೆ ಗಮನವಿದ್ದರೆ ಅದಕ್ಕೂ ಹೆಚ್ಚು.

ಎಬಿಎಸ್ ಇದೆ ಎಂಬ ಧೈರ್ಯವೇ ಅಪಾಯಕಾರಿ ಎಂಬುದಕ್ಕೆ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳ ಅಧ್ಯಯನ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿ ಎಬಿಎಸ್ ಇರುವ ಹಾಗೂ ಇಲ್ಲದ ಟ್ಯಾಕ್ಸಿಗಳನ್ನು ಹೋಲಿಸಿದಾಗ ಅಪಘಾತಗಳು ನಿರೀಕ್ಷೆಯಂತೆ ಕಡಿಮೆಯಾಗಿರಲಿಲ್ಲ. ಎಬಿಎಸ್ ಇರುವ ಟ್ಯಾಕ್ಸಿಗಳನ್ನು ಚಾಲಕರು ಹೆಚ್ಚು ದುಡುಕಿನಿಂದ ಓಡಿಸುತ್ತಿದ್ದುದು ಕಂಡುಬಂದಿತು. ಯಂತ್ರ ಕೊಟ್ಟ ರಕ್ಷಣೆಯನ್ನು ವೇಗ ಕಸಿದುಕೊಂಡಿತ್ತು.

ಗ್ರಾಮೀಣ ರಸ್ತೆಗಳ ವಿಶೇಷ ಸಂದರ್ಭಗಳು

ಜಲ್ಲಿ, ಮರಳು, ಸಡಿಲ ಮಣ್ಣು: ಇಂತಹ ನೆಲದಲ್ಲಿ ಜಾಮಾದ ಚಕ್ರ ತನ್ನ ಮುಂದೆ ಜಲ್ಲಿಯ ಗುಡ್ಡೆಯನ್ನು ತಳ್ಳಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಉರುಳಿಸುತ್ತಲೇ ಇರುವುದರಿಂದ ನಿಲ್ಲುವ ದೂರ ಹೆಚ್ಚಾಗಬಹುದು. ಕಾಮಗಾರಿ ನಡೆಯುತ್ತಿರುವ ರಸ್ತೆಯಲ್ಲಿ ವೇಗ ತಗ್ಗಿಸುವುದೊಂದೇ ಪರಿಹಾರ.

ಒಂದು ಬದಿ ಡಾಂಬರು, ಇನ್ನೊಂದು ಬದಿ ಮಣ್ಣು: ಎದುರಿನ ಬಸ್ಸಿಗೆ ದಾರಿ ಬಿಡಲು ಎಡಗಡೆಯ ಚಕ್ರಗಳನ್ನು ಕೆಳಗಿಳಿಸಿದಾಗ ಜೋರಾಗಿ ಬ್ರೇಕು ತುಳಿದರೆ ವಾಹನ ಡಾಂಬರಿನ ಕಡೆಗೆ ಎಳೆಯುತ್ತದೆ. ಸ್ಟಿಯರಿಂಗನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿರಬೇಕು.

ರಸ್ತೆಯ ಮೇಲಿನ ಒಕ್ಕಣೆ: ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿ ಮುಂತಾದ ಬೆಳೆಯನ್ನು ರಸ್ತೆಯ ಮೇಲೆ ಹರಡುವ ರೂಢಿಯಿದೆ. ಒಣ ಹುಲ್ಲು ಮತ್ತು ಉರುಳುವ ಕಾಳಿನ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ. ಪೆಡಲ್ ನಡುಗಿದರೂ ವಾಹನ ನಿಲ್ಲದೆ ಸಾಗುತ್ತದೆ. ದ್ವಿಚಕ್ರ ವಾಹನಗಳಿಗಂತೂ ಇದು ಮಾರಕ. ವಾಹನದ ಅಡಿಭಾಗಕ್ಕೆ ಸುತ್ತಿಕೊಂಡ ಹುಲ್ಲು ಬಿಸಿಗೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಒಕ್ಕಣೆ ಕಣಗಳನ್ನು ಬಳಸುವಂತೆ ರೈತರಿಗೆ ಗ್ರಾಮಸಭೆಗಳಲ್ಲಿ ತಿಳಿಹೇಳುವುದು ಗ್ರಾಮ ಪಂಚಾಯಿತಿಗಳ ಜವಾಬ್ದಾರಿ.

ಘಾಟಿಯ ಇಳಿಜಾರು: ಉದ್ದನೆಯ ಇಳಿಜಾರಿನಲ್ಲಿ ಸದಾ ಬ್ರೇಕು ತುಳಿದಿದ್ದರೆ ಬ್ರೇಕು ಕಾದು ಶಕ್ತಿ ಕಳೆದುಕೊಳ್ಳುತ್ತದೆ. ಕಾದ ಬ್ರೇಕಿಗೆ ಎಬಿಎಸ್ ಯಾವ ನೆರವನ್ನೂ ನೀಡದು. ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಿರಿಯ ಚಾಲಕರ ಮಾತು ಇಂದಿಗೂ ಸತ್ಯ.

ದ್ವಿಚಕ್ರ ವಾಹನಗಳು: ಅನೇಕ ಬೈಕುಗಳಲ್ಲಿ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಚಕ್ರ ಆಗಲೂ ಜಾಮಾಗಿ ಜಾರಬಹುದು. ಎರಡೂ ಬ್ರೇಕುಗಳನ್ನು ಒಟ್ಟಿಗೆ ಬಳಸಬೇಕು; ತಿರುವಿನಲ್ಲಿ ಬೈಕು ವಾಲಿರುವಾಗ ಜೋರಾಗಿ ಬ್ರೇಕು ಹಿಡಿಯಬಾರದು.

ಎಚ್ಚರಿಕೆ ದೀಪ

ಕೀಲಿ ತಿರುಗಿಸಿದಾಗ ಎಬಿಎಸ್ ಎಂದು ಬರೆದಿರುವ ಹಳದಿ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರಬೇಕು. (ಬೈಕುಗಳಲ್ಲಿ ಸ್ವಲ್ಪ ದೂರ ಚಲಿಸಿದ ಮೇಲೆ ಆರುತ್ತದೆ.) ಓಡುವಾಗಲೂ ಅದು ಹೊತ್ತಿಕೊಂಡಿದ್ದರೆ ಸಾಮಾನ್ಯ ಬ್ರೇಕು ಇರುತ್ತದೆ, ಆದರೆ ಎಬಿಎಸ್ ಇರುವುದಿಲ್ಲ. ಆಗ ಹಳೆಯ ಪಾಠವೇ ಅನ್ವಯ: ಬಿಟ್ಟು ಬಿಟ್ಟು ಒತ್ತಬೇಕು. ಸೆನ್ಸರಿಗೆ ಕೆಸರು ಮೆತ್ತಿಕೊಳ್ಳುವುದು, ಅದರ ವೈರು ತುಂಡಾಗುವುದು ಇದಕ್ಕೆ ಸಾಮಾನ್ಯ ಕಾರಣಗಳು. ಹಳದಿ ದೀಪದೊಂದಿಗೆ ಕೆಂಪು ಬ್ರೇಕು ದೀಪವೂ ಹೊತ್ತಿದರೆ ವಾಹನವನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಬೇಕು.

ಚಾಲಕರು ಗಮನಿಸಬೇಕಾದ ಅಂಶಗಳು

1. ತಾವು ಓಡಿಸುವ ವಾಹನದಲ್ಲಿ ಎಬಿಎಸ್, ಸ್ಥಿರತಾ ನಿಯಂತ್ರಣ ಇವೆಯೇ ಎಂಬುದನ್ನು ಡ್ಯಾಶ್‌ಬೋರ್ಡಿನ ದೀಪಗಳಿಂದಲೂ ವಾಹನದ ಕೈಪಿಡಿಯಿಂದಲೂ ಖಚಿತಪಡಿಸಿಕೊಳ್ಳುವುದು. ಹಳೆಯ ವಾಹನಗಳಲ್ಲಿಯೂ ಕೆಲವು ಸಣ್ಣ ಸರಕು ವಾಹನಗಳಲ್ಲಿಯೂ ಇವು ಇರಲಿಕ್ಕಿಲ್ಲ.

2. ಜನ, ಜಾನುವಾರು ಇಲ್ಲದ ವಿಶಾಲವಾದ ಸಮತಟ್ಟು ಜಾಗದಲ್ಲಿ, ಸೀಟ್‌ಬೆಲ್ಟ್ ಧರಿಸಿ, ಗಂಟೆಗೆ ಸುಮಾರು 30 ಕಿ.ಮೀ. ವೇಗದಿಂದ ಬ್ರೇಕನ್ನು ಪೂರ್ತಿ ತುಳಿದು ಪೆಡಲಿನ ನಡುಕವನ್ನು ಒಮ್ಮೆಯಾದರೂ ಅನುಭವಿಸಿ ನೋಡುವುದು. ವಾಹನದಲ್ಲಿ ಪ್ರಯಾಣಿಕರಾಗಲಿ ಸರಕಾಗಲಿ ಇರಕೂಡದು.

3. ಟೈರಿನ ಸವೆತ ಮತ್ತು ಗಾಳಿಯನ್ನು ನಿಯತವಾಗಿ ಪರೀಕ್ಷಿಸುವುದು; ಬ್ರೇಕು ಎಣ್ಣೆಯನ್ನು ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ ಬದಲಿಸುವುದು.

4. ಎಚ್ಚರಿಕೆ ದೀಪ ಹೊತ್ತಿದ್ದನ್ನು ಅದೇ ದಿನ ವಾಹನದ ಲಾಗ್ ಪುಸ್ತಕದಲ್ಲಿ ನಮೂದಿಸಿ ಕಚೇರಿಯ ಗಮನಕ್ಕೆ ತರುವುದು.

5. ಒಂದೇ ವಾಹನವನ್ನು ಇಬ್ಬರು ಚಾಲಕರು ಓಡಿಸುವಲ್ಲಿ, ವಾಹನ ಒಪ್ಪಿಸುವಾಗ ಅದರ ಬ್ರೇಕಿನ ಸ್ಥಿತಿಯನ್ನು ಬಾಯಿಮಾತಿನಲ್ಲಿಯೂ ತಿಳಿಸುವುದು.

ತುರ್ತು ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಕಾಲು ತನಗೆ ರೂಢಿಯಾದುದನ್ನೇ ಮಾಡುತ್ತದೆ. ಆ ರೂಢಿಯನ್ನು ಬಿಡುವಿನ ವೇಳೆಯಲ್ಲಿ, ಖಾಲಿ ಮೈದಾನದಲ್ಲಿ ಕಲಿಸುವುದು ಸುಲಭ. ಪೆಡಲ್ ನಡುಗಿದರೆ ಕಾಲು ತೆಗೆಯಬಾರದು ಎಂಬ ಈ ಒಂದು ಮಾತು ಪ್ರತಿಯೊಬ್ಬ ಚಾಲಕರಿಗೂ ತಲುಪಿದರೆ ಈ ಲೇಖನದ ಉದ್ದೇಶ ಈಡೇರಿದಂತೆ.