ಕೋಡಂಗಿ ವೇಷದ ಪಾಠ: ರಂಗದ ಮೇಲೆ ಉಳಿಯೋದು ಹೇಗೆ?

ಕೊಪ್ಪದ ಬಸ್‌ಸ್ಟ್ಯಾಂಡ್, ಶೃಂಗೇರಿಯ ಮದುವೆ ಮನೆ, ನರಸಿಂಹರಾಜಪುರದ ಅಂಗಡಿ ಕಟ್ಟೆ – ಎಲ್ಲಿಗೆ ಹೋದರೂ ನನಗೆ ಎದುರಾಗೋದು ಅದೇ ಮೂರು ಪ್ರಶ್ನೆ. ‘ಈಗ ಎಂತ ಮಾಡ್ಕೊಂಡಿದ್ದೀಯ ಮಾರಾಯ?’ ನಾಟಕ ಅಂದ ತಕ್ಷಣ, ‘ಅದು ಸರಿ, ಹೊಟ್ಟೆಪಾಡಿಗೆ?’ ಅದಕ್ಕೂ ಉತ್ತರ ಕೊಟ್ಟರೆ, ‘ಸೀರಿಯಲ್‌ನಲ್ಲಿ ಯಾವಾಗ ಬರ್ತೀಯ?’

ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ. ಕಾಳಜಿಯಿಂದಲೇ ಕೇಳ್ತಾರೆ. ಆದರೆ ಮೂರನೇ ಪ್ರಶ್ನೆಯಲ್ಲಿ ಒಂದು ನಂಬಿಕೆ ಅಡಗಿದೆ: ನಾಟಕ ಅನ್ನೋದು ಬೇರೆಲ್ಲಿಗೋ ಹೋಗುವ ಬಸ್ಸಿಗೆ ಕಾಯುವ ಜಾಗ ಅಂತ. ಹಾಗೆ ಕಾಯುತ್ತಾ ಕೂತವರು ಸಾಮಾನ್ಯವಾಗಿ ಮೂರ್ನಾಲ್ಕು ವರ್ಷದಲ್ಲಿ ಬೇಸತ್ತು ಎದ್ದು ಹೋಗೋದನ್ನು ನಾನು ನೋಡಿದ್ದೇನೆ. ನನಗೀಗ 32 ವರ್ಷ. ರಂಗದ ಮೇಲೆ ಹತ್ತು ವರ್ಷ ಕಳೆದಿದೆ. ಉಳಿದುಕೊಂಡಿದ್ದು ಹೇಗೆ ಅಂತ ಕೇಳಿದರೆ, ನಮ್ಮ ಮಲೆನಾಡಿನ ಆಟದ ಚೌಕಿಯನ್ನೇ ತೋರಿಸಬೇಕಾಗುತ್ತದೆ.

ಮೊದಲ ಮೆಟ್ಟಿಲಿಗೂ ಒಂದು ಹೆಸರಿದೆ

ಯಕ್ಷಗಾನ ಬಯಲಾಟದಲ್ಲಿ ಪ್ರಸಂಗ ಶುರುವಾಗುವ ಮೊದಲು ಪೂರ್ವರಂಗ ಇರುತ್ತದೆ. ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ ಹೀಗೆ. ಈ ವೇಷಗಳನ್ನು ಸಾಮಾನ್ಯವಾಗಿ ಕಲಿಯುವ ಹುಡುಗರು ಮಾಡ್ತಾರೆ. ಆ ಹೊತ್ತಿಗೆ ಎದುರಿಗೆ ಜನ ಕಡಿಮೆ. ಕೆಲವರು ಊಟಕ್ಕೆ ಕೂತಿರ್ತಾರೆ, ಕೆಲವರು ಇನ್ನೂ ದಾರಿಯಲ್ಲಿರ್ತಾರೆ. ಆದರೆ ಮದ್ದಳೆ, ಚಂಡೆ, ಜಾಗಟೆಯ ತಾಳ ಮಾತ್ರ ನಿಜವಾದದ್ದೇ. ಹುಡುಗ ಹೆಜ್ಜೆ ತಪ್ಪಿದರೂ ಬಿದ್ದು ಎದ್ದು ಕಲಿಯಲು ಅಲ್ಲಿ ಜಾಗ ಇದೆ.

ಗಮನಿಸಿ, ಕೋಡಂಗಿ ವೇಷದ ಹುಡುಗನನ್ನು ಯಾರೂ ‘ಕಷ್ಟಪಡ್ತಿರೋ ಕಲಾವಿದ’ ಅಂತ ಕರೆಯಲ್ಲ. ಅವನು ಮೊದಲ ಮೆಟ್ಟಿಲಲ್ಲಿದ್ದಾನೆ, ಅಷ್ಟೇ. ಮುಂದಿನ ಮೆಟ್ಟಿಲು ಯಾವುದು ಅಂತ ಅವನಿಗೂ ಗೊತ್ತು, ಊರಿಗೂ ಗೊತ್ತು.

ನಮ್ಮ ಆಧುನಿಕ ನಾಟಕದಲ್ಲಿ ಈ ಏಣಿ ಇಲ್ಲ. ಕಾಲೇಜಿನ ಮೊದಲ ನಾಟಕದಲ್ಲೇ ನಾಯಕನಾದವನಿಗೆ ಮರುವರ್ಷ ಪಾತ್ರವೇ ಇಲ್ಲದಿರಬಹುದು. ಅದಕ್ಕೇ ನನ್ನ ಏಣಿಯನ್ನು ನಾನೇ ಕಟ್ಟಿಕೊಂಡೆ. ಒಂದು ವರ್ಷಕ್ಕೆ ಒಂದೇ ಮೆಟ್ಟಿಲು. ಒಂದು ವರ್ಷ ಮೈಕ್ ಇಲ್ಲದೆ ಕೊನೇ ಸಾಲಿಗೆ ಮಾತು ತಲುಪಿಸೋದು, ಕಿರುಚದೆ. ಇನ್ನೊಂದು ವರ್ಷ ಎದುರಿನ ನಟ ಮಾತಾಡುವಾಗ ನಿಜವಾಗಿ ಕೇಳಿಸಿಕೊಳ್ಳೋದು. ಈ ವರ್ಷದ್ದು, ಕೈ ಸುಮ್ಮನಿಟ್ಟುಕೊಂಡು ನಿಲ್ಲೋದು. ನಗಬೇಡಿ, ಮೂರರಲ್ಲಿ ಇದೇ ಕಷ್ಟದ್ದು! ಪಾತ್ರ ಸಿಗೋದು ನನ್ನ ಕೈಲಿಲ್ಲ. ಮೆಟ್ಟಿಲು ಹತ್ತೋದು ನನ್ನ ಕೈಲಿದೆ.

ಮಳೆಗಾಲದ ಲೆಕ್ಕ, ಬೇಸಿಗೆಯ ಲೆಕ್ಕ

ಇನ್ನು ಹೊಟ್ಟೆಪಾಡು. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬಿಡಲು ಸೆಪ್ಟೆಂಬರ್ ಆಗಬೇಕು. ಬಯಲಲ್ಲಿ ಆಟವೂ ಇಲ್ಲ, ನಾಟಕವೂ ಇಲ್ಲ. ಯಕ್ಷಗಾನ ಮೇಳಗಳ ತಿರುಗಾಟವೂ ಹೆಚ್ಚುಕಡಿಮೆ ದೀಪಾವಳಿಯ ಆಸುಪಾಸಿನಿಂದ ಮೇ ತಿಂಗಳವರೆಗೆ. ಆಮೇಲೆ ಕಲಾವಿದರು ಗದ್ದೆ ತೋಟಕ್ಕೆ, ಹೋಟೆಲ್ ಕೆಲಸಕ್ಕೆ ಅಥವಾ ಒಳಾಂಗಣದ ಮಳೆಗಾಲದ ಪ್ರದರ್ಶನಗಳಿಗೆ ಹೋಗ್ತಾರೆ. ವರ್ಷವನ್ನು ಹೀಗೆ ಎರಡಾಗಿ ಸೀಳಿ ಬದುಕೋದು ಅವರಿಗೆ ಅವಮಾನ ಅಲ್ಲ, ಪದ್ಧತಿ.

ನಾನೂ ಅದನ್ನೇ ಹಿಡಿದೆ. ಮಳೆಗಾಲದಲ್ಲಿ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸ್ತೇನೆ, ವಾರಕ್ಕೆ ಮೂರು ದಿನ ಅಡಿಕೆ ವ್ಯಾಪಾರಿಯೊಬ್ಬರ ಲೆಕ್ಕ ಬರೀತೇನೆ. ಮನೆ ಖರ್ಚೆಲ್ಲ ಅದರಿಂದ. ನಾಟಕದಿಂದ ಬಂದ ಹಣ ಬೇರೆ ಖಾತೆಗೆ ಹೋಗುತ್ತದೆ. ಬಸ್ ಚಾರ್ಜು, ಪುಸ್ತಕ, ಮೇಕಪ್ಪು ಎಲ್ಲ ಅದರಲ್ಲೇ. ಒಮ್ಮೆ ಸಂಘಟಕರೊಬ್ಬರು ಮೂರು ಪ್ರದರ್ಶನದ ದುಡ್ಡು ಕೊಡಲೇ ಇಲ್ಲ. ಸಿಟ್ಟು ಬಂತು, ಆದರೆ ಮನೆಯ ಅಕ್ಕಿ ಡಬ್ಬ ಖಾಲಿಯಾಗಲಿಲ್ಲ. ಈಗ ಅರ್ಧ ಹಣ ಮುಂಗಡ ಕೇಳ್ತೇನೆ. ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ, ಅಲ್ವಾ?

ಜನ ಬರಲ್ಲ ಅಂದರೆ ನಾವೇ ಹೋಗೋಣ

‘ಸಣ್ಣ ಊರಲ್ಲಿ ಕೂತು ನಾಟಕ ಆಗುತ್ತಾ?’ ಅನ್ನೋರಿಗೆ ಪಕ್ಕದ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ಉತ್ತರ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ತಿರುಗಾಟ ಶುರುವಾಯಿತು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಅವರ ಊರು ಹೆಗ್ಗೋಡೇ. ತಿರುಗಾಟದ ಉಪಾಯ ಸರಳ: ಪ್ರೇಕ್ಷಕರನ್ನು ಕಾಯುವ ಬದಲು ನಾಟಕವನ್ನೇ ಅವರ ಊರಿಗೆ ಒಯ್ಯೋದು. ಹೆಸರೂ ಹಾದಿಯೂ ಮೇಳಗಳ ತಿರುಗಾಟವನ್ನೇ ನೆನಪಿಸುತ್ತವೆ.

ನಮ್ಮದು ಆರು ಜನರ ತಂಡ. ಒಂದು ಜೀಪಿನಲ್ಲಿ ಹಿಡಿಸುವಷ್ಟೇ ಸೆಟ್ಟು. ಶಾಲೆಯ ಜಗಲಿ, ಅಡಿಕೆ ಚಪ್ಪರದ ಅಡಿ, ಸಹಕಾರ ಸಂಘದ ಹಾಲ್ ಎಲ್ಲಾದರೂ ಆಡ್ತೇವೆ. ನಲವತ್ತು ಜನ ಎರಡು ಮಾರು ದೂರದಲ್ಲಿ ಕೂತು ನೋಡುವಾಗ ಸುಳ್ಳು ಅಭಿನಯ ನಡೆಯಲ್ಲ. ಅಂಥ ಸಂಜೆಗಳು ನನಗೆ ಕಲಿಸಿದಷ್ಟನ್ನು ಯಾವ ದೊಡ್ಡ ಸಭಾಂಗಣವೂ ಕಲಿಸಿಲ್ಲ.

ಐದು ನಿಮಿಷದ ಪಾತ್ರ

ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯ ರಂಗಕ್ಕೆ ತಂದಾಗ ಅದು ಸುಮಾರು ಒಂಬತ್ತು ಗಂಟೆಯ ನಾಟಕವಾಯಿತು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ಜನ ರಾತ್ರಿಯಿಡೀ ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ಹೋಗಿ ಕೂತು ನೋಡಿದರು. ಅಂಥ ನಾಟಕದಲ್ಲಿ ಬೆಳಗಿನ ಜಾವ ಐದು ನಿಮಿಷ ಬಂದು ಹೋಗುವ ನಟನನ್ನು ಯೋಚಿಸಿ. ಇಡೀ ರಾತ್ರಿ ಎಚ್ಚರವಾಗಿ, ಮೈಮನಸ್ಸು ಬೆಚ್ಚಗಿಟ್ಟುಕೊಂಡು ಕಾಯಬೇಕು. ಅವನು ಸಡಿಲಾದರೆ ಆ ಗಳಿಗೆಯಲ್ಲಿ ಕುವೆಂಪು ಕಟ್ಟಿದ ಕಾಡೇ ಸಡಿಲಾಗುತ್ತದೆ. ಸಣ್ಣ ಪಾತ್ರ ಬಂದಾಗಲೆಲ್ಲ ನಾನು ಆ ನಟನನ್ನು ನೆನೆಸಿಕೊಳ್ತೇನೆ.

ಸಿನಿಮಾ ಬೇಡವಾ ಹಾಗಾದರೆ? ಬರಲಿ, ಬೇಡ ಅನ್ನಲ್ಲ. ನಮ್ಮದೇ ಜಿಲ್ಲೆಯ ಕಡೂರು ತಾಲ್ಲೂಕು ಪಂಚನಹಳ್ಳಿಯ ವಿಜಯ್ ಅವರಿಗೆ ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ನಾಡಿಗೆ ಅವರು ಗೊತ್ತಿರೋದು ಸಂಚಾರಿ ವಿಜಯ್ ಅಂತ. ‘ಸಂಚಾರಿ’ ಅನ್ನೋದು ಅವರು ಆಡುತ್ತಿದ್ದ ನಾಟಕ ತಂಡದ ಹೆಸರು. 2021ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗಲೂ ಆ ಹೆಸರು ಅವರ ಜೊತೆಗೇ ಇತ್ತು. ಸಿನಿಮಾಕ್ಕೆ ಹೋದರೂ ರಂಗವನ್ನು ಬಿಟ್ಟು ಬಂದ ಮನೆ ಅಂತ ಅವರು ನೋಡಲಿಲ್ಲ ಅನ್ನೋದಕ್ಕೆ ನನಗೆ ಆ ಹೆಸರೇ ಸಾಕ್ಷಿ.

ಹತ್ತು ದಿನದ ಗಡುವು

ಇಷ್ಟೆಲ್ಲ ಹೇಳಿದ ಮೇಲೆ ನಿಜ ಪರೀಕ್ಷೆಯ ವಿಷಯವನ್ನೂ ಹೇಳಬೇಕು. ಕಳೆದ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಒಂದು ಕೆಲಸದ ಆಫರ್ ಬಂತು. ಈಗ ಬರುವುದರ ಮೂರು ಪಟ್ಟು ಸಂಬಳ, ಉತ್ತರಕ್ಕೆ ಹತ್ತು ದಿನ. ಅದೇ ಹೊತ್ತಿಗೆ ಅಮ್ಮನ ಮಂಡಿ ಆಪರೇಷನ್ನಿನ ಸಾಲ ಇನ್ನೂ ತೀರಿರಲಿಲ್ಲ.

ಮನೆಯಲ್ಲಿ ಕೂತು ಮೂರು ಪ್ರಶ್ನೆ ಇಟ್ಟುಕೊಂಡೆವು. ಹೋದ ವರ್ಷಕ್ಕಿಂತ ಈ ವರ್ಷ ನನ್ನ ಕೆಲಸ ಚೆನ್ನಾಗಿದೆಯಾ? ಸಾಲ ಇಳೀತಿದೆಯಾ, ಏರ್ತಿದೆಯಾ? ಪ್ರದರ್ಶನ ಇಲ್ಲದ ಸಾಮಾನ್ಯ ಮಂಗಳವಾರವೂ ತಾಲೀಮಿಗೆ ಹೋಗಲು ಮನಸ್ಸು ಬರುತ್ತಾ? ಮೊದಲನೆಯದಕ್ಕೆ ಹೌದು. ಮೂರನೆಯದಕ್ಕೂ ಹೌದು. ಎರಡನೆಯದಕ್ಕೆ ‘ಇಳೀತಿದೆ, ಆದರೆ ನಿಧಾನ’. ಬೇಡ ಅಂದೆ. ಆದರೆ ಎರಡು ವರ್ಷದ ಗಡುವು ಹಾಕಿಕೊಂಡೆ. ಸಾಲ ಏರಲು ಶುರುವಾದ ತಿಂಗಳೇ ಕೆಲಸ ಹುಡುಕೋದು ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ಆ ದಿನ ಬಂದರೂ ರಂಗ ಮುಗಿಯಲ್ಲ. ಕನ್ನಡದ ಹವ್ಯಾಸಿ ರಂಗಭೂಮಿ ನಿಂತಿದ್ದೇ ಬ್ಯಾಂಕು, ಶಾಲೆ, ಕಚೇರಿ ಮುಗಿಸಿ ಸಂಜೆ ತಾಲೀಮಿಗೆ ಓಡಿಬಂದವರ ಮೇಲೆ. ನೀವು ಲ್ಯಾಪ್‌ಟಾಪ್ ಮುಚ್ಚಿ ಇದನ್ನು ಓದ್ತಿದ್ದರೆ, ನಿಮ್ಮ ಊರಿನಲ್ಲೂ ಯಾವುದೋ ತಂಡ ಒಬ್ಬ ನಟನನ್ನು ಹುಡುಕ್ತಾ ಇರಬಹುದು, ವಿಚಾರಿಸಿ ನೋಡಿ.

ನಟಿಸೋಕೆ ಆಗದಿದ್ದರೆ ನೋಡಲಾದರೂ ಬನ್ನಿ. ಈಗಿನ ಕಾಲಮಿತಿ ಆಟಗಳಲ್ಲಿ ಪೂರ್ವರಂಗ ಮೊಟಕಾಗಿದೆ. ಅದು ಉಳಿದಿರುವ ಕಡೆ ಈ ದೀಪಾವಳಿಯ ನಂತರ ಅರ್ಧ ಗಂಟೆ ಮುಂಚೆ ಹೋಗಿ ಮುಂದಿನ ಸಾಲಲ್ಲಿ ಕೂತುಕೊಳ್ಳಿ. ಕೋಡಂಗಿ ಬಂದಾಗ ಮೊಬೈಲ್ ಒಳಗಿಡಿ. ಆ ಹುಡುಗನಿಗೆ ಗೊತ್ತಾಗುತ್ತದೆ.