ಖಜಾನೆಯ ತೂಬಿನಿಂದ ಕಡೆಯ ಗದ್ದೆಗೆ

ಕೆರೆ ತುಂಬಿದ ಮಾತ್ರಕ್ಕೆ ಬೆಳೆ ಕೈಗೆ ಬಂದೀತೆ? ತುಮಕೂರು ಸೀಮೆಯ ಯಾವ ರೈತನನ್ನು ಕೇಳಿದರೂ ಇಲ್ಲವೆನ್ನುತ್ತಾನೆ. ತೂಬು ಎತ್ತಬೇಕು, ಕಾಲುವೆಯ ಹೂಳು ತೆಗೆದಿರಬೇಕು, ನೀರುಗಂಟಿ ಸರದಿ ತಪ್ಪಿಸದೆ ನೀರು ಬಿಡಬೇಕು. ಇಷ್ಟೆಲ್ಲ ಆಗಿಯೂ ಮೇಲಿನ ಗದ್ದೆಯವನು ರಾತ್ರೋರಾತ್ರಿ ಬದು ಕಡಿದುಕೊಂಡರೆ ಕಡೆಯ ಗದ್ದೆಗೆ ಸಿಗುವುದು ಬರೀ ತೇವ.

ಸರ್ಕಾರದ ಹಣದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳ ತುಂಬ ಸಾವಿರ ಕೋಟಿಗಳ ಮಾತು. ಯಾವ ಇಲಾಖೆಗೆ ಎಷ್ಟು, ಯಾವ ಜಿಲ್ಲೆಗೆ ಎಷ್ಟು ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಆದರೆ ದೇವರಾಯನದುರ್ಗಕ್ಕೆ ಹತ್ತಿರದ ಊರ್ಡಿಗೆರೆಯಂಥ ಹೋಬಳಿಯಲ್ಲಿ ಆ ಕೋಟಿಗಳಿಗೆ ಬೆಲೆ ಬರುವುದು ಶಾಲೆಯ ಚಾವಣಿ ಸೋರುವುದು ನಿಂತಾಗ, ಬೀದಿ ನಲ್ಲಿಯಲ್ಲಿ ನೀರು ಬಂದಾಗ. ಕೊಟ್ಟದ್ದೆಷ್ಟು ಎಂಬುದಕ್ಕಿಂತ ತಲುಪಿದ್ದೆಷ್ಟು ಎಂಬುದೇ ಬಡ ದೇಶದ ದೊಡ್ಡ ಪ್ರಶ್ನೆ. ಬಡವರಿಗೆಂದು ಖರ್ಚು ಮಾಡುವ ಒಂದು ರೂಪಾಯಿಯಲ್ಲಿ ಅವರಿಗೆ ಮುಟ್ಟುವುದು ಹದಿನೈದು ಪೈಸೆ ಮಾತ್ರ ಎಂದು 1985ರಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿಯವರೇ ಹೇಳಿದ್ದರು.

ನಡುವೆ ಏನಾಗುತ್ತದೆ?

ಹಣ ಸೋರುವುದೆಂದರೆ ಯಾರೋ ಕದಿಯುವುದು ಎಂದೇ ಸಾಮಾನ್ಯರ ತಿಳಿವಳಿಕೆ. ಕಳ್ಳತನವೂ ಉಂಟು, ಸುಳ್ಳಲ್ಲ. ಆದರೆ ಸದ್ದಿಲ್ಲದೆ ನಡೆಯುವ ನಷ್ಟ ಬೇರೆಯೇ ಇದೆ. ಶಾಸನಸಭೆ ಒಪ್ಪಿದ ಅನುದಾನ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕಂತುಕಂತಾಗಿ ಇಳಿಯಬೇಕು. ಪ್ರತಿ ಹಂತದಲ್ಲೂ ಒಂದು ಆದೇಶ, ಒಂದು ಸಹಿ. ಆಮೇಲೆ ಅಂದಾಜುಪಟ್ಟಿ, ಟೆಂಡರು, ಕೆಲಸ, ಬಿಲ್ಲು. ಕಡೆಯ ಕಂತು ತಡವಾಗಿ ಬಂತೆಂದರೆ ಮಾರ್ಚ್ 31 ಬಾಗಿಲಲ್ಲಿ ನಿಂತಿರುತ್ತದೆ. ಅಷ್ಟರೊಳಗೆ ಖರ್ಚಾಗದ ಅನುದಾನ ರದ್ದಾಗುತ್ತದೆ. ಹಾಗಾಗಿ ಹನ್ನೊಂದು ತಿಂಗಳು ತೆವಳಿದ ಕಡತ ಹನ್ನೆರಡನೆಯ ತಿಂಗಳು ಓಡತೊಡಗುತ್ತದೆ. ಅವಸರದಲ್ಲಿ ಹಾಕಿದ ಕಾಂಕ್ರೀಟಿಗೆ ನೀರುಣಿಸುವ ವ್ಯವಧಾನ ಯಾರಿಗಿದೆ? ವರ್ಷದ ಕೊನೆಯ ಈ ಖರ್ಚಿನ ನೂಕುನುಗ್ಗಲು ಆರ್ಥಿಕ ಶಿಸ್ತಿನ ಉಲ್ಲಂಘನೆ ಎಂದು ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ನಿಯಮ ಪುಸ್ತಕದಲ್ಲಿದೆ, ನೂಕುನುಗ್ಗಲು ಕಚೇರಿಯಲ್ಲಿದೆ.

ತೂಬಿಗೆ ಬಂದ ಅಳತೆಗೋಲು

ಈ ವಿಷಯದಲ್ಲಿ ಕರ್ನಾಟಕ ಕೈಕಟ್ಟಿ ಕುಳಿತಿಲ್ಲ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ ತರುವ 1999ರ ಕಾಯಿದೆ 2000ದಲ್ಲಿ ಜಾರಿಗೆ ಬಂತು. ನಿಗದಿತ ಮೊತ್ತ ಮೀರಿದ ಕೆಲಸಗಳನ್ನು ಟೆಂಡರಿಲ್ಲದೆ ಬೇಕಾದವರಿಗೆ ಕೊಡುವುದಕ್ಕೆ ಅದು ಕಡಿವಾಣ ಹಾಕಿತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯಿದೆ ಮಾಡಿ, ಸಾಲಕ್ಕೆ ತನಗೆ ತಾನೇ ಮಿತಿ ಹಾಕಿಕೊಂಡ ಮೊದಲ ರಾಜ್ಯವೂ ನಮ್ಮದೇ.

ಅದೇ ಸುಮಾರಿಗೆ ‘ಖಜಾನೆ’ ಎಂಬ ಹೆಸರಿನ ಯೋಜನೆಯಡಿ ರಾಜ್ಯದ 216 ಖಜಾನೆ ಕಚೇರಿಗಳನ್ನು ಬೆಂಗಳೂರಿನ ಕೇಂದ್ರ ಗಣಕಯಂತ್ರಕ್ಕೆ ಉಪಗ್ರಹದ ಮೂಲಕ ಜೋಡಿಸಲಾಯಿತು. ಅದಕ್ಕೆ ಮೊದಲು ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯಲು ದಪ್ಪ ರಿಜಿಸ್ಟರುಗಳನ್ನು ತಿರುವಬೇಕಿತ್ತು. ಅನುದಾನ ಮೀರಿ ಹಣ ಹೋದದ್ದು ಗೊತ್ತಾಗುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಆ ಶೀರ್ಷಿಕೆಯಲ್ಲಿ ಹಣವಿಲ್ಲದಿದ್ದರೆ ಬಿಲ್ಲು ಪಾಸಾಗುವುದಿಲ್ಲ. ಮುಂದೆ ‘ಖಜಾನೆ-2’ ಬಂದ ಮೇಲೆ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವ ಏರ್ಪಾಡಾಯಿತು. ತೂಬಿಗೆ ಅಳತೆಗೋಲು ಹಾಕಿದಂತಾಯಿತು.

ಆದರೆ ಅಳತೆಗೋಲು ತೂಬಿನ ಲೆಕ್ಕ ಹೇಳೀತೇ ಹೊರತು ಗದ್ದೆಯ ಲೆಕ್ಕ ಹೇಳಲಾರದು. ಗಣಕಯಂತ್ರಕ್ಕೆ ಬಿಲ್ಲಿನ ಅಂಕಿ ಗೊತ್ತು, ಗಾರೆಯಲ್ಲಿದ್ದ ಸಿಮೆಂಟಿನ ಪಾಲು ಗೊತ್ತಿಲ್ಲ. ಚರಂಡಿ ನೂರು ಮೀಟರೋ ಅರವತ್ತೋ ಎಂಬುದನ್ನು ಅದರ ಪಕ್ಕದ ಮನೆಯವರಷ್ಟು ಸರಿಯಾಗಿ ಬಲ್ಲವರಿಲ್ಲ.

ಆಫ್ರಿಕದ ಒಂದು ಪಾಠ

ಇದಕ್ಕೆ ಪೂರ್ವ ಆಫ್ರಿಕದ ಉಗಾಂಡದಲ್ಲಿ ಒಳ್ಳೆಯ ನಿದರ್ಶನ ಸಿಗುತ್ತದೆ. ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ತಲೆಯೆಣಿಕೆಯ ಮೇಲೆ ಅನುದಾನ ಕೊಡುತ್ತಿತ್ತು. ಸಂಬಳ ಬಿಟ್ಟು ಇತರ ವೆಚ್ಚಕ್ಕೆಂದು ಕೊಟ್ಟ ಈ ಹಣದಲ್ಲಿ 1991ರಿಂದ 1995ರ ಅವಧಿಯಲ್ಲಿ ಶಾಲೆಗಳಿಗೆ ಮುಟ್ಟಿದ್ದು ಸರಾಸರಿ ಶೇಕಡ 13 ಮಾತ್ರ ಎಂದು ಶಾಲೆಶಾಲೆಗೆ ಹೋಗಿ ನಡೆಸಿದ ಸಮೀಕ್ಷೆ ಬಯಲಿಗೆಳೆಯಿತು. ಉಳಿದದ್ದು ಜಿಲ್ಲಾ ಮಟ್ಟದಲ್ಲೇ ಇಂಗಿಹೋಗುತ್ತಿತ್ತು. ಸರ್ಕಾರ ಪ್ರತಿ ಜಿಲ್ಲೆಗೆ ಬಿಡುಗಡೆಯಾದ ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು; ಬಂದ ಹಣದ ವಿವರವನ್ನು ಶಾಲೆಯ ಗೋಡೆಗೂ ಅಂಟಿಸಬೇಕೆಂದು ವಿಧಿಸಿತು. 2001ರ ಹೊತ್ತಿಗೆ ಶಾಲೆ ಸೇರುವ ಪಾಲು ಶೇಕಡ 80ನ್ನು ದಾಟಿತ್ತು. ಈ ಸುಧಾರಣೆಗೆ ಬೇರೆ ಕಾರಣಗಳೂ ಕೂಡಿಬಂದಿರಬಹುದೆಂದು ಪಂಡಿತರು ವಾದಿಸುತ್ತಾರೆ. ಏನೇ ಇರಲಿ, ನಮಗೆ ಬರಬೇಕಾದದ್ದು ಎಷ್ಟೆಂದು ಗೊತ್ತಿಲ್ಲದವನು ಬಾರದಿದ್ದುದನ್ನು ಕೇಳಲಾರ.

ನಮ್ಮಲ್ಲೇ ಇರುವ ಬೀಗದ ಕೈ

ಲೆಕ್ಕವನ್ನು ಜನರ ಮುಂದೆ ಇಡುವುದು ಈ ನೆಲಕ್ಕೆ ಹೊಸದಲ್ಲ. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ಕರೆದು, ರೈತರು, ವರ್ತಕರ ಎದುರಿಗೆ ಸಂಸ್ಥಾನದ ಆದಾಯ ವೆಚ್ಚದ ವಿವರ ಇಟ್ಟರು. ಮಹಾಕ್ಷಾಮದ ಹೊಡೆತಕ್ಕೆ ಸಿಕ್ಕ ಸಂಸ್ಥಾನದ ತಲೆಯ ಮೇಲೆ ಆಗ 80 ಲಕ್ಷ ರೂಪಾಯಿ ಸಾಲವಿತ್ತು. ಸಭಿಕರಿಗೆ ಮತ ಹಾಕುವ ಅಧಿಕಾರವಿರಲಿಲ್ಲ. ಕೇಳಿಸಿಕೊಳ್ಳಬಹುದಿತ್ತು, ಅಹವಾಲು ಹೇಳಿಕೊಳ್ಳಬಹುದಿತ್ತು.

ಇಂದಿನ ಗ್ರಾಮಸ್ಥರಿಗೆ ಅದಕ್ಕಿಂತ ಎಷ್ಟೋ ಹೆಚ್ಚಿನ ಅಧಿಕಾರವಿದೆ. 1993ರ ಪಂಚಾಯತ್ ರಾಜ್ ಕಾಯಿದೆ ಗ್ರಾಮಸಭೆಯನ್ನು ಕೊಟ್ಟಿದೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯಬೇಕು. ಅಂದು ಹೊರಗಿನ ಅಧಿಕಾರಿಯೊಬ್ಬರು ಬಂದು ಜನರೆದುರಿಗೆ ಕಡತ ಪರಿಶೀಲಿಸಿ, ಆದ ಕೆಲಸಗಳನ್ನು ಸ್ಥಳಕ್ಕೇ ಹೋಗಿ ನೋಡಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅಂದಾಜುಪಟ್ಟಿಯ ನಕಲು ಕೇಳಬಹುದು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇಕಡ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಆ ಹಣದಲ್ಲಿ ತಮ್ಮ ಊರಿಗೆ ಬಂದದ್ದೆಷ್ಟು, ಯಾವ ಪೈಪಿಗೆ, ಯಾವ ಚರಂಡಿಗೆ ಹೋಯಿತು ಎಂದು ಕೇಳುವ ಹಕ್ಕು ಪ್ರತಿ ಮನೆಗೂ ಉಂಟು.

ಆದರೂ ಜಮಾಬಂದಿಯ ದಿನ ಎಷ್ಟೋ ಕಡೆ ಕಾಣುವುದು ಖಾಲಿ ಕುರ್ಚಿಗಳು. ಜನ ಬಾರದಿರುವುದಕ್ಕೆ ಕಾರಣವೂ ಇದೆ. ಕೂಲಿ ಬಿಟ್ಟು ಬರಬೇಕು, ಲೆಕ್ಕದ ಭಾಷೆ ಅರ್ಥವಾಗದು, ಕೇಳಿದವರ ಮೇಲೆ ಊರಿನಲ್ಲಿ ಹಗೆ. ಆದ್ದರಿಂದ ಸುಧಾರಣೆ ಇನ್ನೊಂದು ಹೆಜ್ಜೆ ಇಡಬೇಕಾಗಿದೆ. ಅನುದಾನ ಏಪ್ರಿಲ್‌ನಲ್ಲೇ ಇಳಿಯಲಿ. ಕೆಲಸದ ಹೆಸರು, ಮೊತ್ತ, ಉದ್ದ, ಅಗಲ ಎಲ್ಲವೂ ಪಂಚಾಯಿತಿ ಗೋಡೆಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿರಲಿ. ಜಮಾಬಂದಿಯ ದಿನಾಂಕವನ್ನು ವಾರ ಮೊದಲೇ ಡಂಗುರ ಸಾರಿ ತಿಳಿಸಲಿ.

ಹಿಂದೆ ಕಡೆಯ ಗದ್ದೆಯವನು ನೀರಿನ ಸರದಿಯ ರಾತ್ರಿ ಲಾಟೀನು ಹಿಡಿದು ಕಾಲುವೆಯುದ್ದಕ್ಕೂ ನಡೆಯುತ್ತಿದ್ದ. ನೀರುಗಂಟಿಯ ಮೇಲೆ ಅನುಮಾನದಿಂದಲ್ಲ, ತನ್ನ ಬೆಳೆಯ ಮೇಲಿನ ಕಾಳಜಿಯಿಂದ. ಸರ್ಕಾರದ ಹಣ ಹರಿಯುವ ಕಾಲುವೆಗೂ ಅಂಥದೇ ಒಂದು ಲಾಟೀನು ಬೇಕಾಗಿದೆ.