ದಿಂಡಿಗಲ್‌ನಿಂದ ಕುಮಳಿಯವರೆಗೆ: ಗಾಡಿಯಲ್ಲೇ ಒಬ್ಬರೇ ಮಲಗುವವರ ಜೋಪಾನ

ಬೆಂಗಳೂರಿನಿಂದ ಹೊಸೂರು, ಸೇಲಂ, ಕರೂರು ಹಾದು ಬರುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ದಿಂಡಿಗಲ್ ಸುಮಾರು 370 ಕಿಲೋಮೀಟರ್ ದೂರ. ಅಲ್ಲಿಂದ 183ನೇ ಹೆದ್ದಾರಿ ಹಿಡಿದರೆ ವತ್ತಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರು ಒಂದಾದ ಮೇಲೊಂದು ಬಂದು, ಲೋಯರ್ ಕ್ಯಾಂಪ್ ಬಳಿ ಘಾಟಿ ಏರಿ ಕುಮಳಿಯಲ್ಲಿ ಕೇರಳ ಸಿಗುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಬೆಂಗಳೂರು ಬಿಟ್ಟವರಿಗೆ ಕತ್ತಲಾಗುವುದೂ ಕಣ್ಣು ಎಳೆಯುವುದೂ ಈ ಹಾದಿಯಲ್ಲೇ. ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಶಬರಿಮಲೆಗೆ ಹೊರಟ ಕರ್ನಾಟಕದ ಗಾಡಿಗಳು ಇಲ್ಲಿ ಸಾಲುಗಟ್ಟಿರುತ್ತವೆ. ಒಟ್ಟನ್‌ಛತ್ರಂ ಮಾರುಕಟ್ಟೆಯ ತರಕಾರಿಯನ್ನು ಕೇರಳಕ್ಕೆ ಒಯ್ಯುವ ಲಾರಿಗಳ ಡ್ರೈವರುಗಳು ವರ್ಷವಿಡೀ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿಕೊಂಡು ಕೊಡೈಕೆನಾಲ್, ಮೇಘಮಲೆ, ಮುನ್ನಾರ್ ಸುತ್ತುವ ಒಂಟಿ ಪ್ರವಾಸಿಗರೂ ಈಗ ಅವರ ಜೊತೆ ಸೇರಿದ್ದಾರೆ.

ಗುಂಪಿನಲ್ಲಿ ಹೊರಟ ಅಯ್ಯಪ್ಪಸ್ವಾಮಿಗಳಲ್ಲಿ ಯಾರಾದರೊಬ್ಬರು ಎಚ್ಚರವಾಗಿರುತ್ತಾರೆ. ಲಾರಿಯಲ್ಲಿ ಕ್ಲೀನರ್ ಇದ್ದರೆ ಸರದಿಯ ಮೇಲೆ ನಿದ್ದೆ. ಒಬ್ಬರೇ ಬಂದವರಿಗೆ ಆ ಅನುಕೂಲವಿಲ್ಲ. ಎಚ್ಚರವಿರುವ ಕಣ್ಣನ್ನು ಅವರು ಬೇರೆಯವರಿಂದ ಕಡ ಪಡೆಯಬೇಕು. ಹಾಗಾಗಿ ಅವರ ಮಟ್ಟಿಗೆ ಯಾವ ಬೀಗ ಹಾಕಬೇಕು ಎಂಬುದಕ್ಕಿಂತ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಮೊದಲ ಪ್ರಶ್ನೆ. ತೊಡಕೆಂದರೆ, ಒಂಟಿಯಾಗಿ ಹೊರಡುವವರು ಹುಡುಕುವುದು ಹೆಚ್ಚಾಗಿ ಜನವಿಲ್ಲದ ಜಾಗವನ್ನೇ.

ಈ ಸೀಮೆಗೆ ಇದು ಹಳೆಯ ಸಮಸ್ಯೆ. 17ನೇ ಶತಮಾನದ ಕೊನೆಯಲ್ಲಿ ಮದುರೆಯ ನಾಯಕ ರಾಜ್ಯವನ್ನು ನಡೆಸಿದ ರಾಣಿ ಮಂಗಮ್ಮಾಳ್ ಸಾಲುಮರದ ರಸ್ತೆಗಳಿಗೂ ಛತ್ರಗಳಿಗೂ ಹೆಸರಾದವಳು. ಛತ್ರವೆಂದರೆ ಬರೀ ಅನ್ನ, ನೆರಳು ಅಲ್ಲ. ಗಂಟುಮೂಟೆ ತಲೆಯಡಿ ಇಟ್ಟು ನಾಲ್ಕು ಜನರ ನಡುವೆ ಮಲಗುವ ಏರ್ಪಾಡು. ಹಳ್ಳಿಗಳಲ್ಲಿ ‘ಕಾವಲ್’ ಪದ್ಧತಿ ಇತ್ತು. ಕಾವಲುಗಾರನಿಗೆ ಊರು ವರ್ಷಕ್ಕಿಷ್ಟು ಎಂದು ಸಲ್ಲಿಸಬೇಕು, ಕಳವಾದರೆ ಮಾಲು ಹುಡುಕಿ ಕೊಡುವುದು ಇಲ್ಲವೇ ನಷ್ಟ ತುಂಬುವುದು ಅವನ ಹೊಣೆ. ಕೆಲವೆಡೆ ಇದು ಬಲವಂತದ ವಸೂಲಿಯಾಗಿ, 1896ರಲ್ಲಿ ದಿಂಡಿಗಲ್ ಸೀಮೆಯ ರೈತರು ಇದರ ವಿರುದ್ಧ ಎದ್ದದ್ದೂ ಉಂಟು. ಮುಂದೆ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟು ಕಾಯ್ದೆಯಡಿ ಕಾವಲುಗಾರರ ಸಮುದಾಯವೂ ಸೇರಿದಂತೆ ಇಡೀ ಸಮುದಾಯಗಳ ಬೆರಳಚ್ಚು ತೆಗೆಯಲು ಹೊರಟಿತು. ಉಸಿಲಂಪಟ್ಟಿ ಬಳಿಯ ಪೆರುಂಗಾಮನಲ್ಲೂರಿನಲ್ಲಿ ಇದನ್ನು ವಿರೋಧಿಸಿದವರ ಮೇಲೆ 1920ರ ಏಪ್ರಿಲ್ 3ರಂದು ಗುಂಡು ಹಾರಿತು. ‘ಇಂಥ ಊರಿನವರು ಹಾಗೆ, ಇಂಥ ಜಾತಿಯವರು ಹೀಗೆ’ ಎಂಬ ದಾರಿಹೋಕರ ಮಾತಿಗೆ ಆ ಕಾಯ್ದೆಯ ನಂಜು ಇನ್ನೂ ಅಂಟಿಕೊಂಡಿದೆ. ಕಳವು ತಪ್ಪಿಸಲು ಅದರಿಂದ ಯಾವ ಉಪಯೋಗವೂ ಇಲ್ಲ. ಉಪಯೋಗಕ್ಕೆ ಬರುವುದು ಕಾವಲಿನ ಹಿಂದಿದ್ದ ತತ್ವ: ಆ ಜಾಗದ ಮನುಷ್ಯನೊಬ್ಬನಿಗೆ ಗಾಡಿಯ ವಿಷಯ ಗೊತ್ತಿರಬೇಕು, ಅವನಿಗೆ ಅದರಿಂದ ಅಷ್ಟಿಷ್ಟು ಲಾಭವೂ ಇರಬೇಕು.

ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕ್ ಇದಕ್ಕೆ ಸರಿಹೊಂದುವ ಜಾಗ. ಬೆಳಕು, ಕ್ಯಾಮೆರಾ, ಶೌಚಾಲಯ, ಎಚ್ಚರವಿರುವ ಹುಡುಗರು ಎಲ್ಲವೂ ಅಲ್ಲಿರುತ್ತವೆ. ಡೀಸೆಲ್ ಹಾಕಿಸಿಕೊಂಡು, ‘ಅಣ್ಣೇ, ವಂಡಿ ಇಂಗ ನಿಪ್ಪಾಟ್ಟಲಾಮಾ?’ (ಅಣ್ಣಾ, ಗಾಡಿ ಇಲ್ಲಿ ನಿಲ್ಲಿಸಬಹುದಾ?) ಎಂದು ಕೇಳಿ ನಿಲ್ಲಿಸಿದರೆ ಆ ಗಾಡಿ ಅವರ ಲೆಕ್ಕಕ್ಕೆ ಸೇರುತ್ತದೆ. ಕೇಳದೆ ಮೂಲೆಯಲ್ಲಿ ನಿಲ್ಲಿಸಿದ ಗಾಡಿಯ ಸುತ್ತ ಯಾರು ಸುಳಿದಾಡಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 44ನೇ ಹೆದ್ದಾರಿಯಲ್ಲಿ ಕರೂರು–ದಿಂಡಿಗಲ್ ನಡುವಿನ ವೇಲಂಚೆಟ್ಟಿಯೂರು, ದಿಂಡಿಗಲ್–ಮದುರೆ ನಡುವಿನ ಕೊಡೈ ರೋಡ್ ಟೋಲ್‌ಗಳ ಆಸುಪಾಸು ರಾತ್ರಿಯಿಡೀ ಓಡಾಟವಿರುತ್ತದೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ತೇನಿ, ಕಂಬಂ ಪಟ್ಟಣಗಳಲ್ಲಿ ಲಾಡ್ಜ್‌ನ ಅಂಗಳವೂ ಒಳ್ಳೆಯದೇ. ರೂಮು ಬೇಡ, ಗಾಡಿ ನಿಲ್ಲಿಸಲು ಜಾಗ ಕೊಟ್ಟರೆ ಸಾಕೆಂದು ಸ್ವಲ್ಪ ಹಣ ಕೊಟ್ಟರೆ ಒಪ್ಪುವವರು ಸಿಗುತ್ತಾರೆ. ಕಂಬಂ ಸುತ್ತಮುತ್ತ ಮನೆಯೊಳಗೆ ಕನ್ನಡ ಉಳಿಸಿಕೊಂಡ ಒಕ್ಕಲಿಗ, ಕಪ್ಪಿಲಿಯ ಮನೆತನಗಳು ತಲೆಮಾರುಗಳಿಂದ ನೆಲೆಸಿವೆ. ಅವರ ಕನ್ನಡ ಬೆಂಗಳೂರಿನ ಕಿವಿಗೆ ಬೇರೆಯಾಗಿ ಕೇಳಿಸಿದರೂ ದಾರಿ ಕೇಳುವಷ್ಟು, ಜಾಗ ಕೇಳುವಷ್ಟು ಮಾತಿಗೆ ತೊಂದರೆಯಾಗದು.

ನಿಲ್ಲಿಸಬಾರದ ಜಾಗಗಳು ನೋಡಲು ಬಲು ಚೆಂದ. ಮುಲ್ಲೈ ಪೆರಿಯಾರ್ ನೀರು ಹರಿಯುವ ಕಂಬಂ ಕಣಿವೆಯಲ್ಲಿ ರಸ್ತೆ ಪಕ್ಕದಲ್ಲೇ ದ್ರಾಕ್ಷಿ ಚಪ್ಪರ, ಬಾಳೆ, ತೆಂಗು. ಆದರೆ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮನ್ನಣೆ ಸಿಕ್ಕ ನಾಡು ಇದು. ತೋಟದವರಿಗೂ ಕಳ್ಳರ ಭಯವಿದೆ. ಸರಿರಾತ್ರಿಯಲ್ಲಿ ಚಪ್ಪರದ ಅಂಚಿಗೆ ಬಂದು ದೀಪ ಆರಿಸಿದ ಹೊರ ರಾಜ್ಯದ ಕಾರು ಅವರ ಕಣ್ಣಿಗೆ ಪ್ರವಾಸಿಯ ಕಾರಲ್ಲ. ಏಲಕ್ಕಿ ವಹಿವಾಟಿನ ಬೋಡಿನಾಯಕನೂರಿನಿಂದ ಬೋಡಿಮೆಟ್ಟು ಏರುವ ರಸ್ತೆಯಲ್ಲೂ, ಕಂಬಂಮೆಟ್ಟು, ಕುಮಳಿ ಗಡಿಗಳಲ್ಲೂ ತಪಾಸಣೆ ಬಿಗಿ. ಆರ್‌ಸಿ, ಲೈಸೆನ್ಸ್, ಗುರುತಿನ ಚೀಟಿ ಕೈಗೆಟುಕುವಂತೆ ಇದ್ದರೆ ಪೊಲೀಸರ ವಿಚಾರಣೆ ಎರಡು ಮಾತಿಗೆ ಮುಗಿಯುತ್ತದೆ. ಸೀಸನ್ನಿನಲ್ಲಿ ಇನ್ನೊಂದು ಫಜೀತಿಯಿದೆ. ದಟ್ಟಣೆ ಹೆಚ್ಚಾದಾಗ ಶಬರಿಮಲೆಗೆ ಹೋಗುವ ಗಾಡಿಗಳನ್ನು ಕಂಬಂಮೆಟ್ಟು ಕಡೆಗೆ ತಿರುಗಿಸಿ, ಮರಳುವವನ್ನು ಮಾತ್ರ ಕುಮಳಿ ಘಾಟಿಯಲ್ಲಿ ಇಳಿಸುತ್ತಾರೆ. ಲೋಯರ್ ಕ್ಯಾಂಪ್‌ನಲ್ಲಿ ಮಲಗೋಣ ಎಂದುಕೊಂಡವರು ಗೊತ್ತಿಲ್ಲದ ಘಾಟಿಯ ತಿರುವಿನಲ್ಲಿ ನಿದ್ದೆಗಣ್ಣಲ್ಲಿ ಗಾಡಿ ನಿಲ್ಲಿಸುವುದು ಹೀಗೆ. ಕಂಬಂ ಪಟ್ಟಣದಲ್ಲೇ ರಾತ್ರಿ ಕಳೆದು ಬೆಳಗ್ಗೆ ಹತ್ತುವುದು ಲೇಸು.

ಕಾಡಿನ ಮಾತು ಇನ್ನೂ ಖಂಡಿತ. ಮೇಘಮಲೆ 2021ರಿಂದ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಮೀಸಲು ಪ್ರದೇಶದ ಭಾಗ. ಅರಣ್ಯದೊಳಗೆ ಅನುಮತಿಯಿಲ್ಲದೆ ರಾತ್ರಿ ತಂಗುವುದು ಅಪರಾಧ. ಅದೂ ಅಲ್ಲದೆ ಅಲ್ಲಿ ಅಕ್ಕಿ ಕದಿಯುವವರು ಬೇರೆಯೇ ಇದ್ದಾರೆ. ರೇಷನ್ ಅಂಗಡಿ ಒಡೆದು ಅಕ್ಕಿ ತಿನ್ನುತ್ತಿದ್ದ ‘ಅರಿಕೊಂಬನ್’ ಆನೆಯನ್ನು ಕೇರಳದವರು ಚಿನ್ನಕ್ಕನಾಲ್‌ನಲ್ಲಿ ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟರೆ, ಅದು 2023ರ ಮೇ 27ರಂದು ಕಂಬಂ ಪೇಟೆಗೇ ಇಳಿದುಬಂತು. ತಮಿಳುನಾಡು ಅರಣ್ಯ ಇಲಾಖೆ ಜೂನ್ 5ರಂದು ಅದನ್ನು ಮತ್ತೆ ಹಿಡಿದು ದಕ್ಷಿಣಕ್ಕೆ ಸಾಗಿಸಿತು. ಕಾಡಂಚಿನಲ್ಲಿ ಅಕ್ಕಿ, ಬಾಳೆಗೊನೆ, ಬೆಲ್ಲ ತುಂಬಿದ ಗಾಡಿಯೊಳಗೆ ಮಲಗುವುದು ಸಲ್ಲ. ಕೊಡೈಕೆನಾಲ್, ಕುಮಳಿಗಳ ಕೋತಿಗಳಿಗಂತೂ ಬೆರಳು ತೂರುವಷ್ಟು ಸಂದಿ ಸಾಕು.

ಬೀಗದ ವಿಷಯಕ್ಕೆ ಬಂದರೆ ದಿಂಡಿಗಲ್ಲೇ ಬೀಗಗಳ ಊರು. ಕೈಯಿಂದ ಮಾಡುವ ಇಲ್ಲಿನ ಕಬ್ಬಿಣದ ಬೀಗಕ್ಕೆ 2019ರಲ್ಲಿ ಜಿಐ ಮನ್ನಣೆ ಬಂತು. ಮಾವಿನಕಾಯಿ ಆಕಾರದ ‘ಮಾಂಗಾ ಪೂಟ್ಟು’ ಇವುಗಳಲ್ಲಿ ಪ್ರಸಿದ್ಧ. ಬೀಗದ ಹೊಟ್ಟೆಯೊಳಗೆ ಒಂದರ ಮೇಲೊಂದು ಲಿವರ್ ಪಟ್ಟಿಗಳಿರುತ್ತವೆ. ಕೀಲಿಯ ಹಲ್ಲುಗಳು ಪ್ರತಿಯೊಂದನ್ನೂ ಅದರದರ ಎತ್ತರಕ್ಕೆ ಒಟ್ಟಿಗೆ ಎತ್ತಿದಾಗ ಮಾತ್ರ ಕೊಂಡಿ ಸರಿಯುತ್ತದೆ. ಲಿವರ್ ಹೆಚ್ಚಿದಷ್ಟೂ ತಂತಿ ತೂರಿಸಿ ತೆಗೆಯುವುದು ಕಷ್ಟ. ಅಲಿಗಢದ ಯಂತ್ರದ ಬೀಗಗಳು ಅಗ್ಗವಾಗಿ ಬಂದ ಮೇಲೆ ಈ ಕಸುಬು ಸೊರಗಿದೆಯಾದರೂ ಅಂಥ ಬೀಗವೊಂದನ್ನು ಕೊಂಡು ಒಳ್ಳೆಯ ಕೆಲಸಕ್ಕೆ ಹಚ್ಚಬಹುದು. ಸೀಟಿನ ಕೆಳಗೆ ಗಾಡಿಯ ಲೋಹಕ್ಕೇ ಬೋಲ್ಟ್ ಹಾಕಿ ಕೂರಿಸಿದ ತಗಡಿನ ಪೆಟ್ಟಿಗೆ, ಅದಕ್ಕೆ ಈ ಬೀಗ. ಪಾಸ್‌ಬುಕ್ಕು, ಹೆಚ್ಚುವರಿ ಹಣ, ಎರಡನೇ ಫೋನು ಅದರೊಳಗೆ. ಕ್ಯಾರಿಯರ್ ಮೇಲಿನ ಲಗೇಜು, ಸ್ಟೆಪ್ನಿ, ಲಾರಿಯ ಬ್ಯಾಟರಿ, ಡೀಸೆಲ್ ಟ್ಯಾಂಕಿನ ಮುಚ್ಚಳ ಇವೆಲ್ಲ ಡ್ರೈವರ್ ಒಳಗೆ ಮಲಗಿರುವಾಗಲೇ ಮಾಯವಾಗುವ ವಸ್ತುಗಳು. ಡೀಸೆಲ್ ಟ್ಯಾಂಕಿರುವ ಬದಿಯನ್ನು ಗೋಡೆಗೆ ಒತ್ತಿ ನಿಲ್ಲಿಸುವುದು ಲಾರಿಯವರ ಹಳೆಯ ಉಪಾಯ. ಹಿಂಬಾಗಿಲು ಗೋಡೆಗೆ ತಾಗುವಷ್ಟು ಹತ್ತಿರವಿದ್ದರೆ ಕಾರಿನ ಡಿಕ್ಕಿಯೂ ತೆರೆಯದು.

ಗಾಜಿಗೆ ಬೀಗ ಇಲ್ಲ. ಮುಂಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದು, ಒಡೆದರೂ ಉದುರುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರ, ಬಿರುಕು ಬಿಟ್ಟರೆ ಹರಳುಹರಳಾಗಿ ಸುರಿಯುತ್ತದೆ. ಹೀಗಾಗಿ ಸೀಟಿನ ಮೇಲೆ ಕಾಣುವ ಬ್ಯಾಗೇ ಕಳ್ಳನಿಗೆ ಕರೆಯೋಲೆ. ಖಾಲಿ ಬ್ಯಾಗಾದರೂ ಗಾಜು ಒಡೆದ ಮೇಲೇ ಅದು ಗೊತ್ತಾಗುವುದು. ಸುಪ್ರೀಂ ಕೋರ್ಟ್ 2012ರಲ್ಲಿ ಗಾಜಿನ ಕಪ್ಪು ಫಿಲ್ಮಿಗೆ ತಡೆ ಹಾಕಿದ ಮೇಲೆ, ನಿಂತಾಗ ಹಾಕಿ ಹೊರಡುವಾಗ ತೆಗೆಯುವ ಬಟ್ಟೆ ಪರದೆಯೇ ಗತಿ. ಪರದೆ ನಾಲ್ಕೂ ಕಡೆ ಇರಲಿ. ಒಳಗೆ ಎಷ್ಟು ಜನರಿದ್ದಾರೆಂದು ಹೊರಗಿನವರಿಗೆ ತಿಳಿಯದಿರುವುದೇ ಒಂಟಿ ಪ್ರಯಾಣಿಕರಿಗೆ ದೊಡ್ಡ ರಕ್ಷೆ.

ಕಣಿವೆಯ ಸೆಕೆಯಲ್ಲಿ ಗಾಜು ಪೂರ್ತಿ ಏರಿಸಿ ಮಲಗುವುದು ಆಗದ ಮಾತು. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಸೇರಿ ಪ್ರಾಣಕ್ಕೇ ಕುತ್ತು; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಎರಡು ಗಾಜುಗಳನ್ನು ಎದುರುಬದುರಾಗಿ ಕೈ ತೂರದಷ್ಟು ಮಾತ್ರ ಇಳಿಸಿ, ಸೊಳ್ಳೆ ಪರದೆ ಹಾಕಿ, ಬ್ಯಾಟರಿ ಫ್ಯಾನ್ ಇಟ್ಟುಕೊಳ್ಳುವುದು ಸಾಧ್ಯವಿರುವ ರಾಜಿ. ಸಂದಿಯ ಬಳಿ ಫೋನ್ ಚಾರ್ಜಿಗೆ ಹಾಕಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಬಂ ಕಣಿವೆಯ ಮೂಲಕ ಪಶ್ಚಿಮದ ಗಾಳಿ ರಭಸದಿಂದ ನುಗ್ಗುತ್ತದೆ, ತೇನಿ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಎದ್ದಿರುವುದೂ ಅದಕ್ಕೇ. ಆ ಸದ್ದಿನಲ್ಲಿ ಹೆಜ್ಜೆಯ ಸಪ್ಪಳ ಕೇಳುವುದಿಲ್ಲ.

ಮಲಗುವ ಮೊದಲು ಗಾಡಿಯ ಮೂತಿ ರಸ್ತೆಯ ಕಡೆಗಿರಬೇಕು, ಡ್ರೈವರ್ ಸೀಟು ಖಾಲಿಯಿರಬೇಕು, ಕೀ ಕತ್ತಲಲ್ಲೂ ಕೈಗೆ ಸಿಗುವ ಒಂದೇ ಜಾಗದಲ್ಲಿರಬೇಕು. ರಿಮೋಟ್ ಕೀಯ ಅಲಾರಾಂ ಗುಂಡಿ, ಅದಿಲ್ಲದಿದ್ದರೆ ಹಾರನ್ನು, ಯಾವ ದೊಣ್ಣೆಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಹೊರಗೆ ಯಾರೋ ಬಾಗಿಲು ತಟ್ಟಿ ‘ಟೈರ್ ಪಂಚರ್ ಆಗಿದೆ’, ‘ಆಯಿಲ್ ಸೋರುತ್ತಿದೆ’ ಎಂದರೆ ಇಳಿಯದೆ ಗಾಡಿ ಚಾಲೂ ಮಾಡಿ ಬೆಳಕಿರುವ ಕಡೆಗೆ ಹೋಗಿ ನೋಡಬೇಕು. ನಿಜವಾಗಿ ಪಂಚರ್ ಆಗಿದ್ದರೆ ಟೈರ್ ಹಾಳಾಗಬಹುದು, ಅಷ್ಟೇ. ಜೊತೆಗೆ ಕೂತು ಮಾತಿಗೆಳೆದು ಟೀ, ಬಿಸ್ಕತ್ತು, ‘ಪ್ರಸಾದ’ ಕೊಡುವ ಅಪರಿಚಿತರ ಬಗೆಗಿನ ಎಚ್ಚರಿಕೆ ಹಳೆಯದಾದರೂ ಒಂಟಿ ಡ್ರೈವರುಗಳಿಗೆ ಇಂದಿಗೂ ಬೇಕು. ಮಾಲೆ ಹಾಕಿದವರ ಕೈಯಿಂದ ಬಂದ ಪ್ರಸಾದವನ್ನು ಬೇಡವೆನ್ನಲು ಸಂಕೋಚವಾಗುವುದು ಸಹಜ; ಕಣ್ಣಿಗೊತ್ತಿಕೊಂಡು ಎತ್ತಿಟ್ಟರೆ ಮರ್ಯಾದೆಯೂ ಉಳಿಯುತ್ತದೆ.

ಆದರೆ ಕಳವೆಂಬುದು ಕತ್ತಲಿಗೇ ಮೀಸಲಲ್ಲ. ಸುರುಳಿ ಜಲಪಾತ, ಪೆರಿಯಕುಳಂ ಬಳಿಯ ಕುಂಬಕ್ಕರೈ, ವೀರಪಾಂಡಿಯ ಗೌಮಾರಿಯಮ್ಮನ್ ಗುಡಿಯ ಹತ್ತಿರದ ನದಿ, ಇಲ್ಲೆಲ್ಲ ಒಬ್ಬರೇ ಬಂದವರು ಸ್ನಾನಕ್ಕಿಳಿದಾಗ ಕೀ, ಪರ್ಸು ದಡದ ಬಟ್ಟೆಯ ಮೇಲೆ ಕೂತಿರುತ್ತವೆ. ಅಗ್ಗಕ್ಕೆ ಸಿಗುವ, ನೀರು ಒಳಹೋಗದ ಚೀಲವನ್ನು ಕೊರಳಿಗೆ ಹಾಕಿಕೊಂಡು ನೀರಿಗಿಳಿಯುವುದು ಸುಲಭ ಪರಿಹಾರ. ಪಳನಿಯಲ್ಲಿ ಬೇರೆ ಸಮಸ್ಯೆ. ಮದ್ರಾಸ್ ಹೈಕೋರ್ಟ್ ಆದೇಶದ ಹಿನ್ನೆಲೆಯಲ್ಲಿ 2023ರ ಅಕ್ಟೋಬರ್ 1ರಿಂದ ಬೆಟ್ಟದ ಗುಡಿಗೆ ಮೊಬೈಲ್ ಒಯ್ಯುವಂತಿಲ್ಲ. ಹಾಗೆಂದು ಫೋನನ್ನು ಕಾರಲ್ಲೇ ಬಿಟ್ಟು ಹೋಗುವವರು ಬಹಳ. ಅಂಥ ಕಾರುಗಳ ಸಾಲಿನಲ್ಲಿ ಏನಿರುತ್ತದೆಂದು ಕಳ್ಳರಿಗೂ ಗೊತ್ತು. ದೇವಸ್ಥಾನದವರೇ ಚೀಟಿ ಕೊಟ್ಟು ಫೋನ್ ಇಟ್ಟುಕೊಳ್ಳುವ ಕೌಂಟರ್ ನಡೆಸುತ್ತಾರೆ, ಅದನ್ನೇ ಬಳಸಬೇಕು.

ಇಷ್ಟಾದರೂ ಕಳವಾದರೆ ಮೊದಲು ಒಡೆದ ಗಾಜು, ತೆರೆದ ಬಾಗಿಲು ಮುಟ್ಟದೆ ಫೋಟೋ ತೆಗೆದು 112ಕ್ಕೆ ಕರೆ ಮಾಡಬೇಕು. ಘಟನೆ ಲೋಯರ್ ಕ್ಯಾಂಪ್ ಬಳಿ ನಡೆದಿದ್ದು ಗೊತ್ತಾದದ್ದು ಕುಮಳಿಯಲ್ಲಾದರೆ ರಾಜ್ಯವೇ ಬದಲಾಗಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ಝೀರೋ ಎಫ್‌ಐಆರ್’ ಎನ್ನುವುದು ಇದನ್ನೇ. ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕಳಿಸಿದ ದೂರಿಗೆ ಮೂರು ದಿನದೊಳಗೆ ಸಹಿ ಹಾಕಬೇಕು. ಸಾಮಾನ್ಯ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ 3 ವರ್ಷದವರೆಗೆ ಶಿಕ್ಷೆ ಹೇಳಿದರೆ, ಜನರನ್ನೋ ಸರಕನ್ನೋ ಸಾಗಿಸುವ ವಾಹನದಿಂದ ಕದ್ದರೆ, ವಾಸಕ್ಕೆ ಬಳಸುವ ಟೆಂಟಿನಿಂದ ಕದ್ದರೆ 305ನೇ ಕಲಂ ಅದನ್ನು 7 ವರ್ಷಕ್ಕೆ ಏರಿಸುತ್ತದೆ.

ಫೋನ್ ಹೋಗಿದ್ದರೆ ಸಿಮ್ ನಿಲ್ಲಿಸಿ, ಪೊಲೀಸ್ ದೂರಿನ ಪ್ರತಿಯೊಂದಿಗೆ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಪೋರ್ಟಲ್‌ನಲ್ಲಿ ಐಎಂಇಐ ಸಂಖ್ಯೆ ತಡೆಹಿಡಿಸಬಹುದು. *#06# ಒತ್ತಿದರೆ ಕಾಣುವ ಆ ಸಂಖ್ಯೆಯನ್ನು ಹೊರಡುವ ಮುಂಚೆಯೇ ಮನೆಯವರ ಬಳಿ ಬರೆಸಿಟ್ಟಿರಬೇಕು. ಖಾತೆಯಿಂದ ಹಣ ಜಾರಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ. ಗಾಡಿಯೇ ಹೋಗಿದ್ದರೆ ವಿಮಾ ಕಂಪನಿಗೆ ತಡಮಾಡದೆ ತಿಳಿಸಬೇಕು. ಅವರು ಎಫ್‌ಐಆರ್, ಎರಡೂ ಕೀ, ಗಾಡಿ ಪತ್ತೆಯಾಗಲಿಲ್ಲವೆಂಬ ಪೊಲೀಸರ ವರದಿ ಕೇಳುತ್ತಾರೆ. ಕೀ ಗಾಡಿಯಲ್ಲೇ ಬಿಟ್ಟಿದ್ದರೆ ಕ್ಲೇಮಿಗೆ ತಕರಾರು ಬರುವುದು ಖಚಿತ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಕಳವಿಗೆ ಪರಿಹಾರವೇ ಇಲ್ಲ. ಪೂರ್ಣ ವಿಮೆಯಿದ್ದರೂ ಒಳಗಿದ್ದ ಲ್ಯಾಪ್‌ಟಾಪ್, ಕ್ಯಾಮೆರಾ, ಬಟ್ಟೆಬರೆ ಅದರಲ್ಲಿ ಸೇರುವುದಿಲ್ಲ. ಅದಕ್ಕೆ ಪಾಲಿಸಿ ಮಾಡಿಸುವಾಗಲೇ ಸ್ವಂತ ವಸ್ತುಗಳ ಹೆಚ್ಚುವರಿ ರಕ್ಷಣೆ ಸೇರಿಸಿರಬೇಕು.